ಬೋರ್‌ವೆಲ್ ನೀರು, ಮಕ್ಕಳ ಹಲ್ಲು, ನಾವು ಇಡಬೇಕಾದ ಲೆಕ್ಕ

ಬಾಗೇಪಲ್ಲಿ, ಗುಡಿಬಂಡೆ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದ ಮೇಷ್ಟ್ರುಗಳಿಗೆ ಇದು ಹೊಸ ವಿಷಯವಲ್ಲ. ಕೆಲವು ಮಕ್ಕಳ ಮುಂದಿನ ಹಲ್ಲಿನ ಮೇಲೆ ಅಡ್ಡಡ್ಡ ಬಿಳಿ ಪಟ್ಟೆ ಇರುತ್ತದೆ. ಕೆಲವರಿಗೆ ಹಳದಿ, ಇನ್ನು ಕೆಲವರಿಗೆ ಕಂದು ಕಲೆ. "ಹಲ್ಲು ಉಜ್ಜಲ್ವೇನೋ?" ಅಂತ ಹೇಳಿಸಿಕೊಂಡು ಸಾಕಾಗಿ, ಆ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ಕಲಿತಿರುತ್ತಾರೆ. ಉಜ್ಜಿದರೆ ಹೋಗುವ ಕಲೆ ಅದಲ್ಲ. ದವಡೆಯೊಳಗೆ ಹಲ್ಲು ಇನ್ನೂ ರೂಪುಗೊಳ್ಳುತ್ತಿದ್ದಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ, ಮಗುವಿನ ಹೊಟ್ಟೆಗೆ ಹೋದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇತ್ತು ಅನ್ನುವುದಕ್ಕೆ ಅದು ಗುರುತು.

ಇಂಥ ಮಗುವನ್ನು ದಂತವೈದ್ಯರ ಹತ್ತಿರ ಕರೆದುಕೊಂಡು ಹೋದರೆ ಅವರು ಆ ಮಗುವಿನ ಹಲ್ಲು ನೋಡುತ್ತಾರೆ. ಮನೆಯವರ ಕೈಯಲ್ಲಿ ದುಡ್ಡಿದ್ದರೆ ಕಲೆ ಕಾಣದ ಹಾಗೆ ಮಾಡಿಕೊಡುತ್ತಾರೆ. ಅದು ಬೇಕಾದ ಕೆಲಸವೇ. ಆದರೆ ಅದೇ ತರಗತಿಯಲ್ಲಿ ಇನ್ನೆಷ್ಟು ಮಕ್ಕಳಿಗೆ ಹೀಗಾಗಿದೆ? ಯಾವ ಬೋರ್‌ವೆಲ್ ನೀರು ಕುಡಿದವರಿಗೆ ಆಗಿದೆ? ಪಕ್ಕದ ಊರಿನಲ್ಲಿ ಯಾಕಿಲ್ಲ? ಮುಂದಿನ ವರ್ಷ ಹುಟ್ಟುವ ಮಗುವಿಗೆ ಹೀಗಾಗದಂತೆ ಏನು ಮಾಡಬೇಕು? ಇವಕ್ಕೆ ಉತ್ತರ ಹುಡುಕುವ ವಿದ್ಯೆಯೇ ಸಾರ್ವಜನಿಕ ಆರೋಗ್ಯ. 1920ರಲ್ಲಿ ಅಮೆರಿಕದ ಚಾರ್ಲ್ಸ್ ವಿನ್ಸ್ಲೋ ಕೊಟ್ಟ ವಿವರಣೆಯನ್ನು ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಓದುತ್ತಾರೆ. ಸಮಾಜ ಸಂಘಟಿತವಾಗಿ ದುಡಿದು ರೋಗ ಬರದಂತೆ ತಡೆಯುವುದು, ಜನರ ಆಯಸ್ಸು ಹೆಚ್ಚಿಸುವುದು ಅನ್ನುವುದು ಅದರ ತಿರುಳು. ಒಬ್ಬೊಬ್ಬರೇ ಹುಷಾರಾಗಿದ್ದರೆ ಮುಗಿಯುವ ಕೆಲಸ ಇದಲ್ಲ.

ಈ ವಿದ್ಯೆಗೆ ಐದು ಮುಖ್ಯ ಶಾಖೆಗಳಿವೆ ಅಂತ ಹೇಳುವುದು ರೂಢಿ: ರೋಗದ ಹರಡುವಿಕೆ ಮತ್ತು ಕಾರಣ ಹುಡುಕುವ ಎಪಿಡೆಮಿಯಾಲಜಿ, ಆರೋಗ್ಯದ ಅಂಕಿಅಂಶ ಶಾಸ್ತ್ರ, ಪರಿಸರ ಆರೋಗ್ಯ, ಜನರ ನಡವಳಿಕೆ ಮತ್ತು ಸಮಾಜದ ಅಧ್ಯಯನ, ಆರೋಗ್ಯ ನೀತಿ ಮತ್ತು ಆಡಳಿತ. ಹೆಸರು ಕೇಳಿದರೆ ಎಲ್ಲೋ ದೂರದ ವಿಷಯ ಅನ್ನಿಸುತ್ತದೆ. ಫ್ಲೋರೈಡ್ ಒಂದನ್ನೇ ಹಿಡಿದುಕೊಂಡು ಹೊರಟರೆ ಐದೂ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲೇ ಸಿಗುತ್ತವೆ.

ಕಾರಣ ಸಿಕ್ಕಿದ್ದು ಹೇಗೆ?

ಹಲ್ಲಿನ ಕಲೆಗೆ ನೀರು ಕಾರಣ ಅನ್ನುವುದು ಇಂದು ನಮಗೆ ಸುಲಭವಾಗಿ ಗೊತ್ತು. ಇದನ್ನು ಕಂಡುಹಿಡಿಯಲು 30 ವರ್ಷ ಹಿಡಿಯಿತು. ಫ್ರೆಡರಿಕ್ ಮೆಕೆ ಎಂಬ ದಂತವೈದ್ಯರು 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದರು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನಲ್ಲಿ ಕಂದು ಕಲೆ ಕಂಡರು. ದೊಡ್ಡವರಾದ ಮೇಲೆ ಬೇರೆ ಕಡೆಯಿಂದ ಬಂದು ನೆಲೆಸಿದವರಿಗೆ ಅದು ಇರಲಿಲ್ಲ. ಆ ಒಂದು ವ್ಯತ್ಯಾಸವೇ ಅವರಿಗೆ ಸಿಕ್ಕ ಮೊದಲ ಸುಳಿವು. ಕಲೆ ಬೀಳುವುದು ಬಾಲ್ಯದಲ್ಲಿ, ಅದೂ ಆ ಊರಿನಲ್ಲಿರುವ ಯಾವುದರಿಂದಲೋ.

1923ರಲ್ಲಿ ಐಡಹೊ ರಾಜ್ಯದ ಓಕ್ಲಿ ಅನ್ನುವ ಊರಿನ ತಾಯಂದಿರು ಅವರಿಗೆ ಇನ್ನೊಂದು ಸುಳಿವು ಕೊಟ್ಟರು. ಊರಿಗೆ ದೂರದ ಬಿಸಿ ಚಿಲುಮೆಯಿಂದ ಪೈಪ್‌ಲೈನ್ ಹಾಕಿದ ಮೇಲೆ ಮಕ್ಕಳ ಹಲ್ಲಿಗೆ ಕಲೆ ಬರತೊಡಗಿತ್ತು. ಮೆಕೆ ಆ ನೀರನ್ನು ಬಿಟ್ಟು ಬೇರೆ ಚಿಲುಮೆಯ ನೀರು ತರಿಸಿ ಅಂದರು. ಊರಿನವರು ಹಾಗೇ ಮಾಡಿದರು. ಕೆಲವು ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಬಂದ ಹೊಸ ಹಲ್ಲು ಸರಿಯಾಗಿತ್ತು. ಗಮನಿಸಿ, ಆಗ ಫ್ಲೋರೈಡ್ ಅನ್ನುವ ಹೆಸರೇ ಈ ಚರ್ಚೆಗೆ ಬಂದಿರಲಿಲ್ಲ. ಕಾರಣವಾದ ವಸ್ತು ಯಾವುದು ಅಂತ ತಿಳಿಯುವ ಮೊದಲೇ ರೋಗ ತಡೆದಿದ್ದರು.

ನಮಗೆ ಎಲ್ಲಕ್ಕಿಂತ ಹತ್ತಿರದ ಕಥೆ ಅಂದರೆ ಅರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬ ಗಣಿ ಊರಿನದು. ಅಲ್ಲಿ 1909ರ ತನಕ ಆಳವಿಲ್ಲದ ಬಾವಿಗಳ ನೀರು ಕುಡಿಯುತ್ತಿದ್ದರು. ಆಮೇಲೆ ಆಳದ ಕೊಳವೆಬಾವಿಗೆ ಬದಲಾಯಿಸಿದರು. ಅದರ ನಂತರ ಅಲ್ಲಿ ಬೆಳೆದ ಮಕ್ಕಳಿಗೆ ಕಲೆ ಬಂತು, ಮೊದಲು ಬೆಳೆದು ದೊಡ್ಡವರಾದವರಿಗೆ ಬರಲಿಲ್ಲ. 1931ರಲ್ಲಿ ಅಲ್ಲಿನ ಅಲ್ಯೂಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಚರ್ಚಿಲ್ ಆ ನೀರನ್ನು ಪರೀಕ್ಷಿಸಿದಾಗ ಫ್ಲೋರೈಡ್ ಸಿಕ್ಕಿತು. ಆಮೇಲೆ ಟ್ರೆಂಡ್ಲಿ ಡೀನ್ ಎಂಬ ಸರ್ಕಾರಿ ದಂತವೈದ್ಯರು ಕಲೆಯ ತೀವ್ರತೆ ಅಳೆಯಲು ಒಂದು ಮಾಪನ ಮಾಡಿದರು. ಕಲೆ ಅನುಮಾನವೋ, ತೀರಾ ಸ್ವಲ್ಪವೋ, ಸಾಧಾರಣವೋ, ತೀವ್ರವೋ ಅಂತ ಒಂದೊಂದು ಬಾಯಿಗೂ ಗುರುತು ಹಾಕುವ ಪದ್ಧತಿ ಅದು. ಇಂದಿಗೂ ಬಳಕೆಯಲ್ಲಿದೆ.

ಫ್ಲೋರೈಡ್ ಜಾಸ್ತಿಯಾದರೆ ಕೆಡುವುದು ಹಲ್ಲಷ್ಟೇ ಅಲ್ಲ, ಮೂಳೆ ಮತ್ತು ಕೀಲು ಕೂಡ. ಈ ರೋಗಕ್ಕೆ ಫ್ಲೋರೋಸಿಸ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಅದರ ಮೊದಲ ವರದಿ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಅಲ್ಲಿನ ರೈತರು ಮೊದಲು ನೋಡಿದ್ದು ಎತ್ತುಗಳನ್ನು. ಕೀಲು ಬಿಗಿದುಕೊಂಡು ನಡೆಯಲು ಆಗದೆ ಎತ್ತು ನೊಗ ಎಳೆಯುತ್ತಿರಲಿಲ್ಲ. ಮನುಷ್ಯರಲ್ಲೂ ಅದೇ ರೋಗ ಇದೆ ಅನ್ನುವುದು ಆಮೇಲೆ ತಿಳಿಯಿತು. ಈ ಜಾಗಗಳಲ್ಲೆಲ್ಲ ಮಾಡಿದ್ದು ಒಂದೇ ಕೆಲಸ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಎಲ್ಲಿ, ಯಾವಾಗಿನಿಂದ ಅಂತ ಕೇಳಿ ಹೋಲಿಸಿ ನೋಡಿದರು. ಎಪಿಡೆಮಿಯಾಲಜಿಯ ಬುಡ ಅಷ್ಟೇ. ದೊಡ್ಡ ಯಂತ್ರ ಬೇಕಿಲ್ಲ. ಗಮನ ಬೇಕು, ಬರೆದಿಡುವ ಶಿಸ್ತು ಬೇಕು.

ಬಂಡೆ, ಬೋರ್‌ವೆಲ್, ನೀರು

ಬಾಕ್ಸೈಟ್ ಊರಿನಲ್ಲಿ ಆದದ್ದೇ ನಮ್ಮಲ್ಲೂ ಆಯಿತು. ಕೋಲಾರ, ಚಿಕ್ಕಬಳ್ಳಾಪುರ 2007ರ ತನಕ ಒಂದೇ ಜಿಲ್ಲೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್ ಹುಟ್ಟುವುದು ನಮ್ಮ ಕಡೆಯೇ, ಮಳೆಗಾಲ ಕಳೆದರೆ ಉಳಿಯುವುದು ಮರಳು. ಅದಕ್ಕೇ ಹಿರಿಯರು ಊರೂರಿಗೂ ಕೆರೆ ಕಟ್ಟಿದರು, ನೀರು ಹಂಚಲು ನೀರುಗಂಟಿಯನ್ನು ಇಟ್ಟರು. ಕೆರೆ ಕೆಳಗಿನ ತೆರೆದ ಬಾವಿ ನೀರಿಗೆ ಮಳೆನೀರು ಬೇಗ ಸೇರುತ್ತಿತ್ತು. ಬೋರ್‌ವೆಲ್ ಬಂತು. ಒಂದು ಬತ್ತಿತು, ಇನ್ನೊಂದು ಕೊರೆಸಿದರು. ಸಾವಿರ ಅಡಿ ದಾಟಿದರೂ ನೀರು ಸಿಗದ ಊರುಗಳಾದವು.

ನಮ್ಮ ಕಾಲಡಿ ಇರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ಅದರಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ನೀರು ತುಂಬಾ ಕಾಲ ನಿಂತಷ್ಟೂ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಇಳಿಯುತ್ತದೆ. ಹೊಸ ಮಳೆನೀರು ಇಂಗದೆ ಹಳೇ ನೀರನ್ನೇ ಎತ್ತುತ್ತಾ ಹೋದರೆ ಏನಾಗುತ್ತದೆ ಅನ್ನುವುದು ಇದರಿಂದಲೇ ತಿಳಿಯುತ್ತದೆ. ಹಾಗಾಗಿ ಹಲ್ಲಿನ ಕಲೆ ಬರೀ ಆರೋಗ್ಯ ಇಲಾಖೆಯ ವಿಷಯವಲ್ಲ. ಅದರ ಬೇರು ಹೂಳು ತುಂಬಿದ ಕೆರೆಯಲ್ಲಿ, ಒತ್ತುವರಿಯಾದ ರಾಜಕಾಲುವೆಯಲ್ಲಿ, ನಾವು ಬೆಳೆಯುವ ಬೆಳೆಯಲ್ಲಿ ಇದೆ. ಪರಿಸರ ಆರೋಗ್ಯ ಅನ್ನುವ ಶಾಖೆ ನೋಡುವುದು ಇದನ್ನೇ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಮನೆಗಳಲ್ಲಿ ತಪ್ಪು ತಿಳಿವಳಿಕೆ ಇದೆ. ನೀರು ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬ್ಲೀಚಿಂಗ್ ಪೌಡರ್‌ನಿಂದ ಹೋಗಲ್ಲ. ಕ್ಯಾಂಡಲ್ ಫಿಲ್ಟರ್‌ನಿಂದ, ಬರೀ ಯುವಿ ದೀಪದ ಯಂತ್ರದಿಂದ ಹೋಗಲ್ಲ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಅದು ಗೊತ್ತಾಗುವುದಿಲ್ಲ. ತಿಳಿಯಾಗಿ, ಸಿಹಿಯಾಗಿ ಇರುವ ನೀರಿನಲ್ಲೂ ಇರಬಹುದು. ಪರೀಕ್ಷೆ ಮಾಡಿಸುವುದೊಂದೇ ದಾರಿ.

ಸರಾಸರಿಯನ್ನು ನಂಬಬೇಡಿ

ಕುಡಿಯುವ ನೀರಿನಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಒಪ್ಪಬಹುದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು ಅನ್ನುತ್ತದೆ ಭಾರತೀಯ ಮಾನಕ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಈ ಅಂಕಿಯನ್ನು ಹೇಗೆ ಬಳಸುತ್ತೇವೆ ಅನ್ನುವುದರಲ್ಲೇ ಎಡವಟ್ಟಾಗುತ್ತದೆ. ಒಂದು ಗ್ರಾಮ ಪಂಚಾಯಿತಿಯಲ್ಲಿ ಹತ್ತು ಬೋರ್‌ವೆಲ್ ಇವೆ ಅಂದುಕೊಳ್ಳಿ. ಒಂಬತ್ತರಲ್ಲಿ 0.8, ಒಂದರಲ್ಲಿ 5. ಸರಾಸರಿ ತೆಗೆದರೆ 1.22. ಕಾಗದದ ಮೇಲೆ ಪಂಚಾಯಿತಿ ಮಿತಿಯೊಳಗಿದೆ. ಆ ಹತ್ತನೇ ಬೋರ್‌ವೆಲ್ ನೀರು ಕುಡಿಯುವ ಕೇರಿಯ ಮಕ್ಕಳಿಗೆ ಮಾತ್ರ ಮಿತಿಯ ಮೂರು ಪಟ್ಟಿಗಿಂತ ಜಾಸ್ತಿ ಹೋಗುತ್ತಿದೆ. ಫ್ಲೋರೈಡ್ ಒಂದೇ ಊರಿನಲ್ಲಿ ಬೋರ್‌ವೆಲ್‌ನಿಂದ ಬೋರ್‌ವೆಲ್‌ಗೆ ಬದಲಾಗುತ್ತದೆ, ಬೇಸಿಗೆಯಲ್ಲಿ ಒಂದು, ಮಳೆ ಆದ ಮೇಲೆ ಒಂದು. ತಾಲ್ಲೂಕಿನ ಸರಾಸರಿ ಯಾರ ಬಾಯಿಗೂ ಬೀಳುವುದಿಲ್ಲ.

ಇನ್ನೊಂದು ತಪ್ಪು ಅಂದರೆ ಬರೀ ಎಣಿಕೆ ಹೇಳಿ ಬಿಟ್ಟುಬಿಡುವುದು. "ನಮ್ಮೂರಲ್ಲಿ 20 ಮಕ್ಕಳಿಗೆ ಕಲೆ ಇದೆ" ಅಂದರೆ ಏನೂ ತಿಳಿಯುವುದಿಲ್ಲ. 40 ಮಕ್ಕಳಲ್ಲಿ 20 ಅಂದರೆ ಅನಾಹುತ, 400ರಲ್ಲಿ 20 ಅಂದರೆ ಯಾವುದೋ ಒಂದು ಮೂಲ ಹುಡುಕಬೇಕು. ಎಷ್ಟು ಜನರಲ್ಲಿ ಎಷ್ಟು ಜನಕ್ಕೆ ಅನ್ನುವುದು ಅಂಕಿಅಂಶ ಶಾಸ್ತ್ರದ ಮೊದಲ ಪಾಠ. ಹಳೆಯ ಪ್ರಕರಣ ಎಷ್ಟು, ಹೊಸದಾಗಿ ಬಂದದ್ದು ಎಷ್ಟು ಅಂತ ಬೇರೆ ಮಾಡಿ ನೋಡುವುದು ಎರಡನೆಯದು. ಅಜ್ಜಿಗೆ ಬೆನ್ನು ಬಾಗಿದ್ದರೆ ಅದು 40 ವರ್ಷದ ಹಿಂದಿನಿಂದ ಕುಡಿದ ನೀರಿನ ಫಲ. ಒಂದು ವರ್ಷದ ಮಗುವಿಗೆ ಇವತ್ತು ಏನಾಗುತ್ತಿದೆ ಅನ್ನುವುದನ್ನು ಅದು ಹೇಳುವುದಿಲ್ಲ.

ನೀರಿನಲ್ಲಿ ಎಷ್ಟಿದೆ ಅನ್ನುವುದಕ್ಕಿಂತ ಮೈಗೆ ಎಷ್ಟು ಸೇರುತ್ತದೆ ಅನ್ನುವುದು ಮುಖ್ಯ. ದಿನಕ್ಕೆ ಎಲ್ಲ ಮೂಲಗಳಿಂದ ಸೇರಿ ಸುಮಾರು 6 ಮಿಲಿಗ್ರಾಂ ದಾಟಿದರೆ ಮೂಳೆಗೆ ಅಪಾಯದ ಸೂಚನೆ ಇದೆ, 14 ಮಿಲಿಗ್ರಾಂ ಆದರೆ ಅಪಾಯ ಸ್ಪಷ್ಟ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೀಟರ್‌ಗೆ 3 ಮಿಲಿಗ್ರಾಂ ಇರುವ ನೀರನ್ನು ತೆಗೆದುಕೊಳ್ಳಿ. ನೆರಳಲ್ಲಿ ಕೂತು ಕೆಲಸ ಮಾಡುವವರು ದಿನಕ್ಕೆ ಎರಡು ಲೀಟರ್ ಕುಡಿದರೆ 6 ಮಿಲಿಗ್ರಾಂ. ಏಪ್ರಿಲ್ ಬಿಸಿಲಲ್ಲಿ ಟೊಮೆಟೊ ಕೀಳುವ ಹೆಂಗಸು ಐದು ಲೀಟರ್ ಕುಡಿದರೆ 15. ಒಂದೇ ಊರು, ಒಂದೇ ನೀರು. ಕೂಲಿ ಮಾಡುವವರ ಮೂಳೆಗೆ ಜಾಸ್ತಿ ಪೆಟ್ಟು. ರೋಗ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ ಅನ್ನುವುದು ಸಾರ್ವಜನಿಕ ಆರೋಗ್ಯದವರು ಎಲ್ಲಿ ನೋಡಿದರೂ ಕಾಣುವ ಸಂಗತಿ.

ಕ್ಯಾನ್ ನೀರು ಕುಡಿದರೆ ಸಾಕೇ?

ನಮ್ಮ ಊರುಗಳಲ್ಲಿ ಈಗ ಶುದ್ಧ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಆರ್‌ಒ ಯಂತ್ರ ಫ್ಲೋರೈಡಿನ ಬಹುಪಾಲು ತೆಗೆಯುತ್ತದೆ, ಅದರಲ್ಲಿ ಅನುಮಾನ ಬೇಡ. ಇವು ಬಂದದ್ದು ದೊಡ್ಡ ಉಪಕಾರ ಅಂತಲೇ ನಾನು ನಂಬಿದ್ದೇನೆ. ಆದರೆ ಕ್ಯಾನ್ ನೀರು ಹೋಗುವುದು ಕುಡಿಯುವ ಬಿಂದಿಗೆಗೆ. ಮುದ್ದೆಗೆ ಎಸರು ಇಡುವುದು, ಅನ್ನ ಮಾಡುವುದು, ಬೇಳೆ ಬೇಯಿಸುವುದು, ಟೀ ಕಾಯಿಸುವುದು ನಲ್ಲಿ ನೀರಿನಲ್ಲಿ. ಅಡುಗೆಯ ಮೂಲಕ ಒಬ್ಬರ ಹೊಟ್ಟೆಗೆ ದಿನಕ್ಕೆ ಒಂದು ಲೀಟರ್ ಹೋಯಿತು ಅಂದುಕೊಂಡರೂ ಮೇಲಿನ ಲೆಕ್ಕದಲ್ಲಿ 3 ಮಿಲಿಗ್ರಾಂ ಅಲ್ಲೇ ಸೇರುತ್ತದೆ. ತೋಟಕ್ಕೆ ಹೋದವರು ಪಂಪ್‌ನಿಂದ ಬೀಳುವ ನೀರಿಗೇ ಬೊಗಸೆ ಒಡ್ಡುತ್ತಾರೆ.

ಇದರಲ್ಲಿ ಎಲ್ಲಕ್ಕಿಂತ ನನ್ನನ್ನು ಕಾಡುವುದು ಕೂಸುಗಳ ವಿಷಯ. ತಾಯಿ ಫ್ಲೋರೈಡ್ ನೀರು ಕುಡಿಯುತ್ತಿದ್ದರೂ ಎದೆಹಾಲಿಗೆ ಅದು ತೀರಾ ಕಡಿಮೆ ಬರುತ್ತದೆ. ಅಂದರೆ ಮೊದಲ ಆರು ತಿಂಗಳು ಬರೀ ಎದೆಹಾಲು ಕುಡಿದ ಮಗುವಿಗೆ ರಕ್ಷಣೆ ಇದೆ. ಆಮೇಲೆ ರಾಗಿ ಸರಿ ಶುರುವಾಗುತ್ತದೆ. ಅದನ್ನು ಯಾವ ನೀರಿನಲ್ಲಿ ಕಾಯಿಸುತ್ತೇವೆ? ಹಲ್ಲು ರೂಪುಗೊಳ್ಳುವ ವಯಸ್ಸೇ ಅದು. ಕ್ಯಾನ್ ನೀರು ಸ್ವಲ್ಪವೇ ಇದ್ದರೆ ಮೊದಲು ಮಗುವಿನ ಸರಿಗೆ ಬಳಸಿ, ಆಮೇಲೆ ಉಳಿದವರಿಗೆ. ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟಕ್ಕೂ ಶುದ್ಧ ನೀರೇ ಹೋಗಬೇಕು. ಒಂದು ಊರಿಗೆ ಘಟಕದ ನೀರು ಸಾಲದಿದ್ದರೆ ಯಾರಿಗೆ ಮೊದಲು ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇದು.

ಮನೆಮನೆಗೆ ಹೋಗಿ "ಅಡುಗೆಗೂ ಶುದ್ಧ ನೀರು ಬಳಸಿ" ಅಂದುಬಿಟ್ಟರೆ ಆಗಿಬಿಡುತ್ತದೆಯೇ? ಘಟಕ ಊರಿನ ಒಂದು ತುದಿಯಲ್ಲಿರುತ್ತದೆ. 20 ಲೀಟರ್ ಕ್ಯಾನ್ ಅಂದರೆ 20 ಕೆಜಿ. ಗಾಡಿ ಇದ್ದ ಮನೆಯವರು ದಿನಕ್ಕೆ ಎರಡು ಸಲ ತರುತ್ತಾರೆ. ಗಾಡಿ ಇಲ್ಲದ ಮನೆಯಲ್ಲಿ ಹೊರುವವರು ಹೆಂಗಸರು, ಒಂದೊಂದು ಕಡೆ ವಯಸ್ಸಾದವರು. ಕರೆಂಟ್ ಇದ್ದಾಗ ಕೂಲಿಗೆ ಹೋಗಿರುತ್ತಾರೆ, ಬಂದಾಗ ಘಟಕ ನಿಂತಿರುತ್ತದೆ. ಜನರಿಗೆ ಬುದ್ಧಿ ಇಲ್ಲ ಅನ್ನುವ ಮಾತು ಇಂಥ ಕಡೆ ಬಹಳ ಸಲೀಸಾಗಿ ಬರುತ್ತದೆ. ಅದು ಅನ್ಯಾಯದ ಮಾತು. ಸಮಾಜವನ್ನು ಓದುವ ಶಾಖೆ ಸಾರ್ವಜನಿಕ ಆರೋಗ್ಯಕ್ಕೆ ಯಾಕೆ ಬೇಕು ಅಂದರೆ ಇದಕ್ಕೇ. ಸರಿಯಾದ ಕೆಲಸ ಮಾಡುವುದನ್ನು ಸುಲಭ ಮಾಡಿಕೊಡದೆ ಸುಮ್ನೆ ಉಪದೇಶ ಮಾಡಿದರೆ ಪ್ರಯೋಜನ ಆಗುವುದಿಲ್ಲ.

ಊಟದಿಂದಲೂ ಸ್ವಲ್ಪ ಸಹಾಯ ಇದೆ. ಕ್ಯಾಲ್ಸಿಯಂ ಸಾಕಷ್ಟು ಸಿಕ್ಕರೆ ಫ್ಲೋರೈಡ್ ಮೈಗೆ ಸೇರುವುದು ಕಡಿಮೆಯಾಗುತ್ತದೆ. ರಾಗಿ, ಹಾಲು, ಸೊಪ್ಪು ನಮ್ಮ ಕಡೆಯ ಊಟವೇ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಶಾಲೆ ಮಕ್ಕಳಿಗೆ ಈ ರೀತಿಯಲ್ಲೂ ಒಳ್ಳೆಯದು. ಆದರೆ ಡೇರಿಗೆ ಹಾಲು ಹಾಕುವ ಮನೆಯಲ್ಲೇ ಮಕ್ಕಳಿಗೆ ಹಾಲು ಉಳಿಯದಿರುವುದೂ ಉಂಟು. ಊಟ ಸರಿಮಾಡಿದರೆ ನೀರು ಸರಿಮಾಡಬೇಕಿಲ್ಲ ಅಂತ ಯಾರೂ ತಿಳಿಯಬಾರದು.

ಮೂಳೆಗೆ ಇಳಿದ ಮೇಲೆ

ಹಲ್ಲಿನ ಕಲೆ ಕಣ್ಣಿಗೆ ಕಾಣುತ್ತದೆ. ಮೂಳೆಯ ಫ್ಲೋರೋಸಿಸ್ ವರ್ಷಗಟ್ಟಲೆ ಒಳಗೇ ಇರುತ್ತದೆ. ಕುತ್ತಿಗೆ ತಿರುಗುವುದಿಲ್ಲ, ಬೆನ್ನು ಬಗ್ಗುವುದಿಲ್ಲ, ಮಂಡಿ ಮಡಚಿ ಕೂರಲು ಆಗುವುದಿಲ್ಲ. "ವಯಸ್ಸಾಯ್ತು, ವಾಯು" ಅಂತ ನೋವಿನ ಮಾತ್ರೆ ತೆಗೆದುಕೊಳ್ಳುತ್ತಾರೆ. ಮೂಳೆಗೆ ಸೇರಿದ ಫ್ಲೋರೈಡನ್ನು ತೆಗೆದು ಮೊದಲಿನಂತೆ ಮಾಡುವ ಔಷಧಿ ಇಲ್ಲ. ರೋಗ ತಡೆಯುವುದರಲ್ಲಿ ಮೂರು ಹಂತ ಹೇಳುತ್ತಾರೆ: ಬರದಂತೆ ನೋಡಿಕೊಳ್ಳುವುದು, ಬಂದದ್ದನ್ನು ಬೇಗ ಗುರುತಿಸುವುದು, ಬಲಿತ ಮೇಲೆ ನೋವು ಮತ್ತು ಅಂಗವೈಕಲ್ಯ ತಗ್ಗಿಸುವುದು. ಫ್ಲೋರೋಸಿಸ್‌ನಲ್ಲಿ ಮೊದಲ ಹಂತ ಬಿಟ್ಟರೆ ಉಳಿದವುಗಳಿಗೆ ಬಲ ಕಡಿಮೆ. ದುಡ್ಡು, ಜನ, ಗಮನ ಎಲ್ಲವೂ ಮೊದಲ ಹಂತಕ್ಕೆ ಹೋಗಬೇಕು ಅನ್ನುವುದು ಅದಕ್ಕೇ.

ಕೋಲಾರಕ್ಕೆ ಇಂಥ ಪಾಠ ಹಿಂದೆಯೂ ಆಗಿದೆ. ಕೆಜಿಎಫ್ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ಬರುತ್ತಿತ್ತು. 1940ರ ದಶಕದಲ್ಲಿ ಅಲ್ಲಿನ 7,500ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತ ಜಾಸ್ತಿ ಜನರಲ್ಲಿ ಅದು ಕಂಡಿತು. ಅದಕ್ಕೂ ವಾಸಿ ಮಾಡುವ ಔಷಧಿ ಇಲ್ಲ. ನೀರು ಹಾಯಿಸಿ ಕೊರೆದು ಧೂಳು ಏಳದಂತೆ ಮಾಡುವುದು, ಗಾಳಿ ಆಡುವಂತೆ ಮಾಡುವುದು ಇಂಥವೇ ಅದಕ್ಕೆ ತಡೆ. ಕಾರ್ಮಿಕರನ್ನು ಸಾಲಾಗಿ ನಿಲ್ಲಿಸಿ ಎಣಿಸಿದ್ದರಿಂದಲೇ ರೋಗ ಎಷ್ಟು ದೊಡ್ಡದು ಅಂತ ಲೋಕಕ್ಕೆ ತಿಳಿದದ್ದು.

ಯಾರ ಕೆಲಸ?

ಫ್ಲೋರೋಸಿಸ್ ತಡೆಗೆ ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮ 2008-09ರಲ್ಲಿ ಶುರುವಾಯಿತು. ಅದು ಆರೋಗ್ಯ ಇಲಾಖೆಯದು. ನೀರಿನ ಪರೀಕ್ಷೆ, ಪೈಪ್‌ಲೈನ್ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯದು. ನಲ್ಲಿಗೆ ನೀರು ಬಿಡುವ ವಾಟರ್‌ಮ್ಯಾನ್ ಪಂಚಾಯಿತಿಯವರು. ಮಕ್ಕಳು ಶಿಕ್ಷಣ ಇಲಾಖೆಯ ಶಾಲೆಯಲ್ಲಿ, ಚಿಕ್ಕವರು ಅಂಗನವಾಡಿಯಲ್ಲಿ. ಕೆರೆ ಸಣ್ಣ ನೀರಾವರಿಯದು. ಒಂದೊಂದರ ಹತ್ತಿರವೂ ಒಂದೊಂದು ಪುಸ್ತಕ ಇದೆ. ಬೋರ್‌ವೆಲ್ ಪರೀಕ್ಷೆಯ ಅಂಕಿ ಮತ್ತು ಅದೇ ಬೋರ್‌ವೆಲ್ ನೀರು ಕುಡಿದ ಮಗುವಿನ ಹಲ್ಲು ಒಂದೇ ಹಾಳೆಯ ಮೇಲೆ ಬರಬೇಕು. ಆರೋಗ್ಯ ಆಡಳಿತದ ಶಾಖೆ ಬಿಡಿಸಬೇಕಾದ ಗಂಟು ಇಲ್ಲಿದೆ. ನಲ್ಗೊಂಡ ಪದ್ಧತಿಯನ್ನೇ ನೋಡಿ. ಪಟಿಕ, ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ ಈ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿತು. ಅಗ್ಗದ್ದು, ನಿಜ. ದಿನಾ ಅಳತೆ ಮಾಡಿ ಹಾಕುವವರು, ಕೆಳಗೆ ಕೂತ ಗಸಿ ತೆಗೆಯುವವರು ಬೇಕು. ಆ ಆಳು ಇಲ್ಲದ ಕಡೆ ಅದು ನಡೆಯುವುದಿಲ್ಲ. ಆರ್‌ಒ ಘಟಕಕ್ಕೂ ಇದೇ ಮಾತು. ಉದ್ಘಾಟನೆಗೆ ಬರುವ ದುಡ್ಡು ಮೂರನೇ ವರ್ಷ ಫಿಲ್ಟರ್ ಬದಲಾಯಿಸಲೂ ಬರಬೇಕು.

2018ರ ಜೂನ್‌ನಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಚಿಕ್ಕಬಳ್ಳಾಪುರಕ್ಕೆ ಇಂಥದ್ದೇ ಎಚ್‌ಎನ್ ವ್ಯಾಲಿ ಯೋಜನೆ. ಕೆರೆ ತುಂಬಿದ ಕಡೆ ಅಂತರ್ಜಲ ಮೇಲೆ ಬಂದಿದೆ, ಬತ್ತಿದ ಬೋರ್‌ವೆಲ್‌ಗೆ ಜೀವ ಬಂದಿದೆ. ರೈತರ ಸಂತೋಷ ಸಣ್ಣದಲ್ಲ. ಆದರೆ ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕು ಅಂತ ಇಲ್ಲಿನ ಹೋರಾಟಗಾರರು ಮೊದಲಿನಿಂದ ಕೇಳುತ್ತಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದು. ಒಂದು ಅಪಾಯ ಕಡಿಮೆ ಮಾಡಲು ಹೋಗಿ ನೈಟ್ರೇಟ್, ಕ್ರಿಮಿ, ಲೋಹಗಳ ಇನ್ನೊಂದು ಅಪಾಯ ತಂದುಕೊಳ್ಳಬಾರದು. ಆ ಕೆರೆಗಳ ಸುತ್ತಲಿನ ಬೋರ್‌ವೆಲ್‌ಗಳನ್ನು ಬಿಡದೆ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿ ಗೋಡೆ ಮೇಲೆ ಹಾಕಿದರೆ ವಾದ ಅರ್ಧ ಮುಗಿಯುತ್ತದೆ.

ಇನ್ನು ಪಶ್ಚಿಮ ಘಟ್ಟದ ಹೊಳೆಗಳ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆ. ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಆಯಿತು. ಹೊಳೆ ನೀರಿನಲ್ಲಿ ಫ್ಲೋರೈಡ್ ಕಡಿಮೆ. ಅದು ನಮ್ಮ ನಲ್ಲಿಗೆ ನಿಜವಾಗಿ ಬಂದರೆ ಹಲ್ಲಿನ ಕಲೆ ಕಡಿಮೆಯಾಗಬೇಕು. ಕಡಿಮೆಯಾಯಿತು ಅಂತ ಹೇಳುವುದು ಯಾವಾಗ? ನೀರು ಬಂದ ವರ್ಷ ಹುಟ್ಟಿದ ಮಗುವಿನ ಮುಂದಿನ ಶಾಶ್ವತ ಹಲ್ಲು ಹುಟ್ಟುವುದು ಆರೇಳು ವರ್ಷ ಆದ ಮೇಲೆ. ಅಷ್ಟರಲ್ಲಿ ಒಂದು ಚುನಾವಣೆ ಮುಗಿದಿರುತ್ತದೆ, ಅಧಿಕಾರಿಗಳು ಎಷ್ಟೋ ಜನ ಬದಲಾಗಿರುತ್ತಾರೆ. ಘಟಕ ಎಷ್ಟು ಕಟ್ಟಿದೆವು, ಪೈಪ್ ಎಷ್ಟು ಕಿಲೋಮೀಟರ್ ಹಾಕಿದೆವು ಅನ್ನುವ ಲೆಕ್ಕ ಬೇಗ ಕೊಡಬಹುದು. ಎಷ್ಟು ಮಕ್ಕಳ ಹಲ್ಲು ಸರಿಯಾಯಿತು ಅನ್ನುವ ಲೆಕ್ಕಕ್ಕೆ ಕಾಯಬೇಕು.

ಕಾದರಷ್ಟೇ ಸಾಲದು, ಹೋಲಿಸಲು ಹಳೆಯ ಅಂಕಿ ಬೇಕು. ಹೊಸ ನೀರು ಬಂದ ಮೇಲೆ "ಮೊದಲು ಎಷ್ಟಿತ್ತು" ಅಂತ ಎಣಿಸಲು ಆಗುವುದಿಲ್ಲ. ಶಾಲಾ ಆರೋಗ್ಯ ತಪಾಸಣೆಯ ತಂಡಗಳು ಈಗಾಗಲೇ ಮಕ್ಕಳ ಬಾಯಿ ನೋಡುತ್ತವೆ. ಮೂರನೇ, ನಾಲ್ಕನೇ ತರಗತಿಯ ಪ್ರತಿ ಮಗುವಿನ ಹಲ್ಲಿಗೆ ಡೀನ್ ಮಾಪನದ ಒಂದು ಅಂಕಿ, ಪಕ್ಕದಲ್ಲಿ ಆ ಮನೆಗೆ ನೀರು ಕೊಡುವ ಬೋರ್‌ವೆಲ್‌ನ ಗುರುತು, ಅದರ ಫ್ಲೋರೈಡ್ ಪ್ರಮಾಣ. ಮಗುವಿನ ಹೆಸರು ಹೊರಗೆ ಬರಬೇಕಿಲ್ಲ, ಊರಿನ ಒಟ್ಟು ಅಂಕಿ ಬಂದರೆ ಸಾಕು. ಮುಂದಿನ ಗ್ರಾಮಸಭೆಯಲ್ಲಿ ಪಿಡಿಒ ಅವರನ್ನು ನಮ್ಮ ಬೋರ್‌ವೆಲ್‌ನ ಕೊನೆಯ ಪರೀಕ್ಷೆ ಯಾವಾಗ ಆಯಿತು, ಫ್ಲೋರೈಡ್ ಎಷ್ಟು ಬಂತು ಅಂತ ಕೇಳಿ. ನಮ್ಮ ಶಾಲೆಯ ಮಕ್ಕಳ ಹಲ್ಲಿನ ಎಣಿಕೆಯನ್ನು ಈ ವರ್ಷವೇ ಮಾಡಿಸಿ ಅಂತ ನಡಾವಳಿಯಲ್ಲಿ ಬರೆಸಿ.